ನಗಬೇಡಿ, ಹಾಗೇ ಇರಿ

ಪೊರ್ಬುಗಳು ತೀರಿಕೊಂಡ ಸುದ್ದಿ ಮಸ್ಕತ್ತಿನ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಬಂದದ್ದು ಒಂದು ಭಾನುವಾರ ಬೆಳಿಗ್ಗೆ, ಇಲ್ಲಿ ವಾರದ ಕೆಲಸ ಶುರುವಾಗುವ ದಿನ, ಎಲ್ಲರೂ ಆಫೀಸಿನಲ್ಲಿ ಕಂಪ್ಯೂಟರ್ ತೆರೆಯುತ್ತಿದ್ದ ಹೊತ್ತಿನಲ್ಲಿ. ಅವರು ಒಮಾನ್ ಬಿಟ್ಟು ಊರಿಗೆ ಹೋಗಿ ಬಹಳ ವರ್ಷ ಆಗಿರಲಿಲ್ಲ. ಶಿರ್ವದ ಹತ್ತಿರದ ಮನೆಯಲ್ಲಿ ಹಿಂದಿನ ದಿನ ಮಧ್ಯಾಹ್ನ ಗಂಜಿ ಊಟ ಮಾಡಿ ಮಲಗಿದವರು ಏಳಲಿಲ್ಲವಂತೆ. ಗುಂಪಿನಲ್ಲಿ ಕೈಮುಗಿಯುವ ಚಿತ್ರಗಳ ಸಾಲು ಶುರುವಾಯಿತು. ಯಾರೋ ಒಬ್ಬರು ಅವರ ಫೋಟೋ ಇದ್ದರೆ ಹಾಕಿ ಎಂದರು. ಯಾರಲ್ಲೂ ಇರಲಿಲ್ಲ. ಹಾಗೆಂದು ಸುಮ್ಮನಿರುವ ಜನವೇ ನಾವು? 'ಅವರು ತೆಗೆದ ಫೋಟೋ' ಎಂದು ಬರೆದು ಎಲ್ಲರೂ ತಂತಮ್ಮ ಫೋಟೋಗಳನ್ನೇ ಹಾಕತೊಡಗಿದರು. ಸಂಜೆಯಾಗುವಾಗ ಗುಂಪಿನ ತುಂಬ ನಮ್ಮ ಮಕ್ಕಳ ಹುಟ್ಟುಹಬ್ಬ, ನಮ್ಮ ಹೊಸ ಕಾರು, ಕೂದಲು ದಟ್ಟವಾಗಿದ್ದ ಕಾಲದ ನಾವು. ಒಬ್ಬರು ಇನ್ನೊಬ್ಬರಿಗೆ 'ಎಷ್ಟು ಸಪೂರ ಇದ್ರಿ ಆಗ!' ಎಂದು ಮೆಚ್ಚುಗೆ ಕೂಡ ಸೂಚಿಸಿದರು. ಅಷ್ಟು ಲವಲವಿಕೆಯ ಶ್ರದ್ಧಾಂಜಲಿಯನ್ನು ನಾನು ಬೇರೆ ಕಂಡಿಲ್ಲ.

ಅವರ ಹೆಸರು ಬೇಡ. ನಮ್ಮ ತುಳುವರು ಕ್ರಿಶ್ಚಿಯನ್ ಹಿರಿಯರನ್ನು ಗೌರವದಿಂದ ಕರೆಯುವ ಹಾಗೆ ನಾವೆಲ್ಲ ಅವರನ್ನು 'ಪೊರ್ಬುಗಳೇ' ಎನ್ನುತ್ತಿದ್ದೆವು. ಅಲ್ ಖುವೈರ್‌ನಲ್ಲಿ ಸಚಿವಾಲಯಗಳ ಸಾಲಿನ ಹಿಂದಿನ ಗಲ್ಲಿಯಲ್ಲಿ, ಟೈಪಿಂಗ್ ಮಾಡುವ ಅಂಗಡಿ ಮತ್ತು ಚಾಯ್ ಅಂಗಡಿಯ ನಡುವೆ, ಅವರು ಕೆಲಸ ಮಾಡುತ್ತಿದ್ದ ಸ್ಟುಡಿಯೋ ಇತ್ತು. ಬೋರ್ಡು ಕಫೀಲನ, ಅಂದರೆ ವೀಸಾ ಕೊಟ್ಟ ಒಮಾನಿ ಧಣಿಯ ಹೆಸರಿನಲ್ಲಿ, ಕೆಲಸ ಇವರದ್ದು. ವೀಸಾಕ್ಕೆ, ಪಾಸ್‌ಪೋರ್ಟಿಗೆ, ಲೈಸೆನ್ಸಿಗೆ ಬಂದವರನ್ನು ಸ್ಟೂಲಿನ ಮೇಲೆ ಕೂರಿಸಿ, ಎರಡು ಬೆರಳಿನಿಂದ ಗದ್ದ ಎತ್ತಿ, ಕಿವಿ ಕಾಣುವಂತೆ ಕೂದಲು ಸರಿಸಿ, ಬಿಳಿ ಪರದೆಯ ಮುಂದೆ ಕ್ಲಿಕ್ಕಿಸುವುದು. ಕುಳ್ಳಗಿನ ದೇಹ, ದಪ್ಪ ಕನ್ನಡಕ, ಅರ್ಧ ತೋಳಿನ ಅಂಗಿಯ ಕಿಸೆಯಲ್ಲಿ ಸದಾ ಒಂದು ಬಾಚಣಿಗೆ. ಗಿರಾಕಿಗಳಿಗೆಂದು ಇಟ್ಟ ಆ ಬಾಚಣಿಗೆಯ ಅಗತ್ಯ ಅವರ ತಲೆಗೆ ಬಿದ್ದು ಬಹಳ ಕಾಲವಾಗಿತ್ತು.

"ಬೆಳಿಗ್ಗೆಯಿಂದ ಅಳಿಸುವ ಕೆಲಸ ನಂದು" ಎನ್ನುತ್ತಿದ್ದರು. "ಹಿಂದೆ ಎಂತದೂ ಕಾಣ್ಬಾರ್ದು. ನೆರಳು ಬೀಳ್ಬಾರ್ದು. ನಗ್ಬಾರ್ದು. ಗವರ್ಮೆಂಟಿಗೆ ಬೇಕಾದ ಮನುಷ್ಯ ಅಂದ್ರೆ ಅದೇ."

ಅವರನ್ನು ಕೆಡಿಸಿದ್ದು ಒಂದು ಚಳಿಗಾಲ. ಸುವೈಕ್‌ನಿಂದ ಒಳಗೆ, ಗುಡ್ಡಗಳ ಬುಡದಲ್ಲಿ, ಯುರೋಪಿನಿಂದ ಬಂದ ಒಂದು ತಂಡ ಉತ್ಖನನ ನಡೆಸುತ್ತಿತ್ತು. ಅವರ ಫೋಟೋಗ್ರಾಫರ್ ಕಾಯಿಲೆ ಬಿದ್ದು ಹಿಂದೆ ಹೋದ. ಯಾರೋ ಪೊರ್ಬುಗಳ ಹೆಸರು ಹೇಳಿದರು. ಕಫೀಲನೂ ಯಲ್ಲಾ ಹೋಗು ಎಂದ. ಇವರು ಕ್ಯಾಮರಾ, ಜಪಸರ ಮತ್ತು ಒಂದು ಬಾಟಲಿ ಮಾವಿನ ಉಪ್ಪಿನಕಾಯಿ ಹಿಡಿದುಕೊಂಡು ಹೊರಟರು. ಚಳಿಗಾಲ ಮುಗಿದು ಮರಳಿದಾಗ ಕೈಯಲ್ಲಿ ಕಪ್ಪು ಬಿಳುಪು ಪಟ್ಟೆಗಳ ಒಂದು ಅಳತೆಕೋಲು ಇತ್ತು. ಅಗೆದು ತೆಗೆದ ವಸ್ತುವಿನ ಗಾತ್ರ ತಿಳಿಯಲೆಂದು ಪಕ್ಕದಲ್ಲಿಟ್ಟು ಫೋಟೋ ತೆಗೆಯುವ ಕೋಲು.

"ನಾನು ಗ್ರಹಿಸಿದ್ದು ಚಿನ್ನ ಗಿನ್ನ ಸಿಗ್ತದೆ ಅಂತ" ಎಂದು ಚಾಯ್ ಕುಡಿಯುತ್ತ ಹೇಳಿದರು. "ಸಿಕ್ಕಿದ್ದೆಂತ? ಬೂದಿ! ಒಂದು ಒಲೆ. ಅದರಲ್ಲಿ ನಾಲ್ಕು ಮೀನಿನ ಮುಳ್ಳು, ಖರ್ಜೂರದ ಬೀಜ. ಅಷ್ಟಕ್ಕೇ ಆ ತಂಡದ ಮುಖ್ಯಸ್ಥೆ, ಅಜ್ಜಿಯ ಪ್ರಾಯ, ಕುಣಿದದ್ದು ನೋಡ್ಬೇಕಿತ್ತು ಮಾರಾಯ್ರೇ. ಸುವೈಕ್ ಪೇಟೆಯಿಂದ ಕೇಕ್ ತರಿಸಿದ್ರು. ನಾನು ಇವರಿಗೆ ಬಿಸಿಲು ತಲೆಗೇರಿದೆ ಅಂದ್ಕೊಂಡೆ."

"ಮತ್ತೆ?"

"ಮತ್ತೆ ಎಂತ, ನನಗೂ ಏರಿತು. ರಾಜರದ್ದು ಕೋಟೆ ಉಂಟು, ಅದು ಎಲ್ಲಿಗೂ ಹೋಗುದಿಲ್ಲ. ಮೀನು ಸುಟ್ಟ ಹೆಂಗಸಿನದ್ದು ಎಂತ ಉಂಟು ಹೇಳಿ? ಆ ಬೂದಿ ಮಾತ್ರ. ಅದೂ ಗಾಳಿಗೆ ಹೋದ್ರೆ ಖಲಾಸ್."

ಮಾತು ಚೆನ್ನಾಗಿತ್ತು. ನಾನೂ ತಲೆದೂಗಿದೆ. ತಲೆದೂಗಿದವರಿಗೆ ಏನು ಕಾದಿದೆಯೆಂದು ಗೊತ್ತಾದದ್ದು ನನ್ನ ಮಗಳ ಹುಟ್ಟುಹಬ್ಬದ ದಿನ.

ನಾವಾಗ ಅಲ್ ಮವಾಲೇಹ್‌ನಲ್ಲಿ ಹೊಸದಾಗಿ ಸಂಸಾರ ಹೂಡಿದ್ದೆವು. ಗಲ್ಫಿನಲ್ಲಿ ಫೋಟೋ ತೆಗೆಸುವುದು ನೆನಪಿಗಲ್ಲ, ಊರಿಗೆ ಕಳಿಸಲಿಕ್ಕೆ. ಫೋಟೋದಲ್ಲಿ ಸೋಫಾ ಬರಬೇಕು, ದೊಡ್ಡ ಟೀವಿ ಬರಬೇಕು, ಫ್ರಿಜ್ಜಿನ ಒಂದು ಅಂಚಾದರೂ ಬರಬೇಕು. ನನ್ನ ಹೆಂಡತಿ ಹಿಂದಿನ ದಿನದಿಂದಲೇ ಮನೆಯನ್ನು ಉಜ್ಜಿ ಹೊಳಪಿಸಿದ್ದಳು. ಇಸ್ತ್ರಿಯಾಗದ ಬಟ್ಟೆಯ ರಾಶಿಯೊಂದು ಮಾತ್ರ ಕುರ್ಚಿಯ ಮೇಲೆ ಉಳಿದುಹೋಗಿತ್ತು. ಅದನ್ನು ಎತ್ತಲು ಹೋದಾಗ ಪೊರ್ಬುಗಳು ಎರಡೂ ಕೈ ಅಡ್ಡ ಹಿಡಿದರು.

"ಮುಟ್ಬೇಡಿ! ಇದ್ದದ್ದು ಇದ್ದಲ್ಲೇ ಇರ್ಲಿ."

"ಅಯ್ಯೋ ಪೊರ್ಬುಗಳೇ, ಬಟ್ಟೆ ರಾಶಿ ಅದು!"

"ಗೊತ್ತುಂಟು ಅಕ್ಕ. ಅದಕ್ಕೇ."

ನಂತರ ಕೇಕಿನ ಪಕ್ಕದಲ್ಲಿ ಆ ಪಟ್ಟೆಕೋಲನ್ನು ಮಲಗಿಸಿದರು. ನಾವು ನಗುಮುಖ ಹೊತ್ತು ನಿಂತರೆ "ನಗಬೇಡಿ, ಹಾಗೇ ಇರಿ" ಎಂದರು. ನಗು ಬಿಟ್ಟು ಹೇಗಿರಬೇಕೆಂದು ನಮಗೆ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತಾಗ ಕ್ಲಿಕ್ಕಿಸಿದರು. ಫೋಟೋ ಬಂದಾಗ ಅದರಲ್ಲಿ ಬಟ್ಟೆಯ ರಾಶಿ ಸ್ಪಷ್ಟವಾಗಿತ್ತು. ಟೀವಿ ಇರಲಿಲ್ಲ. ವಿಸಿಟ್ ವೀಸಾದಲ್ಲಿ ಬಂದಿದ್ದ ನನ್ನ ಅತ್ತೆ ಏಸಿಯ ರಿಮೋಟನ್ನು ಮೂಗಿನ ಹತ್ತಿರ ಹಿಡಿದು ಪರೀಕ್ಷಿಸುತ್ತಿದ್ದರು. ಹೆಂಡತಿ ಒಂದು ಕೈಯಲ್ಲಿ ಮಗುವನ್ನೆತ್ತಿಕೊಂಡು ಇನ್ನೊಂದು ಕೈಯಲ್ಲಿ ಬೆನ್ನ ಹಿಂದೆ ಕಿತ್ತುಹೋದ ಪಿನ್ನು ಹುಡುಕುತ್ತಿದ್ದಳು. ಅವಳು ಆ ಫೋಟೋಗಳನ್ನು ಕಪಾಟಿನ ತಳಕ್ಕೆ ತಳ್ಳಿ, ನಮ್ಮ ಮದುವೆಯ ಆಲ್ಬಂ ಅದರ ಮೇಲಿಟ್ಟಳು. ಊರಿಗೆ ಕಳಿಸಲು ಬೇರೆಯವರ ಮನೆಯ ಕಾರ್ಯಕ್ರಮದಲ್ಲಿ, ಅವರ ಸೋಫಾದಲ್ಲಿ ಕುಳಿತು ತೆಗೆಸಿಕೊಂಡೆವು.

ಹೀಗೆ ಒಂದೊಂದು ಮನೆಯವರೂ ಪೊರ್ಬುಗಳನ್ನು ಒಂದೊಂದು ಸಲ ಕರೆದರು, ಎರಡನೇ ಸಲ ಕರೆಯಲಿಲ್ಲ. ಅವರಿಗೇನೂ ಬೇಸರವಿದ್ದಂತೆ ಕಾಣಲಿಲ್ಲ. ರಜೆಯ ದಿನವಾದ ಶುಕ್ರವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ, ಕರೆಯದಿದ್ದರೂ ಕ್ಯಾಮರಾ ಹಿಡಿದು ಬರುತ್ತಿದ್ದರು. ಬಾಗಿಲ ಹೊರಗಿನ ಚಪ್ಪಲಿಗಳನ್ನು, ಊರಿಗೆ ಹೋಗಲು ಹಗ್ಗ ಬಿಗಿದು ನಿಂತ ರಟ್ಟಿನ ಪೆಟ್ಟಿಗೆಗಳನ್ನು, ಬಾಲ್ಕನಿಯಲ್ಲಿ ಬಕೆಟಿನೊಳಗೆ ಬೆಳೆಸಿದ ಬಸಳೆಯನ್ನು ತೆಗೆಯುತ್ತಿದ್ದರು. ಊಟದ ಹೊತ್ತಾದರೆ ಉಂಡು ಹೋಗುತ್ತಿದ್ದರು. ಉಂಡ ತಟ್ಟೆಯ ಫೋಟೋವನ್ನೂ ಬಿಡುತ್ತಿರಲಿಲ್ಲ.

ನಮ್ಮ ಸಂಘದ ವಾರ್ಷಿಕೋತ್ಸವಕ್ಕೆ 'ಒಮಾನಿನಲ್ಲಿ ನಮ್ಮ ಬದುಕು' ಎಂಬ ಛಾಯಾಚಿತ್ರ ಪ್ರದರ್ಶನ ಮಾಡುವುದೆಂದು ಅಧ್ಯಕ್ಷರಿಗೆ ಹೊಳೆಯಿತು. ಅಧ್ಯಕ್ಷರ ಮನಸ್ಸಿನಲ್ಲಿದ್ದದ್ದು ಕೋಟೆ, ಮಸೀದಿ, ಕಡಲತೀರದ ಸೂರ್ಯಾಸ್ತ ಮತ್ತು ದೀಪ ಹಿಡಿದ ರೇಷ್ಮೆ ಸೀರೆಯ ಹೆಂಗಸರು. ಅಂಥವು ಬೇಕಾದಷ್ಟು ಬಂದವು. ಪೊರ್ಬುಗಳೂ ತಮ್ಮ ಕಟ್ಟು ತಂದು ಮೇಜಿನ ಮೇಲೆ ಹರಡಿದರು. ನಾನು ಸಮಿತಿಯಲ್ಲಿದ್ದೆ. ಅಧ್ಯಕ್ಷರು ಒಂದೊಂದೇ ಫೋಟೋ ಎತ್ತಿ ನೋಡಿದರು. ಒಂದರಲ್ಲಿ ಅವರದೇ ಮನೆಯ ಸೋಫಾ, ಅಂಗಡಿಯಿಂದ ಬಂದ ಪ್ಲಾಸ್ಟಿಕ್ ಹೊದಿಕೆಯನ್ನು ವರ್ಷಗಟ್ಟಲೆ ಬಿಚ್ಚದೆ, ಅದರ ಮೇಲೆ ಬೆವರುತ್ತ ಕುಳಿತ ಅವರ ಬೆನ್ನು.

"ಇದು ಎಕ್ಸಿಬಿಷನ್ನೋ, ಪೊಲೀಸರ ಪಂಚನಾಮೆಯೋ?" ಎಂದರು ಅಧ್ಯಕ್ಷರು.

"ನಮ್ಮ ಬದುಕು ಅಂತ ನೀವೇ ಬರೆದದ್ದು" ಎಂದರು ಪೊರ್ಬುಗಳು.

"ಬದುಕು ಅಂದ್ರೆ ಹೀಗಲ್ಲ ಮಾರಾಯ್ರೇ!"

ಬೇಡವೆಂದರೆ ಕ್ರಿಶ್ಚಿಯನ್ ಸದಸ್ಯರಿಗೆ ಬೇಸರವಾದೀತು, ಹೌದೆಂದರೆ ಅಧ್ಯಕ್ಷರ ಹೆಂಡತಿಗೆ ಬೇಸರವಾದೀತು. ಸಮಿತಿ ಸಮಿತಿಯ ಹಾಗೇ ನಡೆದುಕೊಂಡಿತು. ಸೋಫಾದ ಫೋಟೋ ತೆಗೆದಿರಿಸಿ, ಉಳಿದವನ್ನು ಹೋಟೆಲಿನ ಹಾಲಿನಲ್ಲಿ ಅಲ್ಲ, ಊಟದ ನಂತರ ಕೈತೊಳೆಯಲು ಹೋಗುವ ಓಣಿಯಲ್ಲಿ ತೂಗುಹಾಕಿದರು. ಯಾರ ಕಣ್ಣಿಗೂ ಬೀಳಬಾರದೆಂದು ಮಾಡಿದ ಏರ್ಪಾಡು ಅದು. ಆದರೆ ನಮ್ಮವರು ಕೋಟೆ ನೋಡದೆ ಬೇಕಾದರೂ ಮನೆಗೆ ಹೋದಾರು, ಕೈ ತೊಳೆಯದೆ ಹೋಗಲಾರರು. ಸಾರು ಒಣಗುತ್ತಿದ್ದ ಕೈಯನ್ನು ಎತ್ತಿ ಹಿಡಿದುಕೊಂಡು ಜನ ಆ ಓಣಿಯಲ್ಲಿ ನಿಂತೇಬಿಟ್ಟರು. "ಇದು ನಿಮ್ಮ ಕುಕ್ಕರ್ ಅಲ್ವಾ?" "ನೋಡಿ, ನಮ್ಮ ಬಸಳೆ!" ಎಂದು ನಗೆ, ಕೂಗು. ಹಾಲಿನಲ್ಲಿ ಕೋಟೆ, ಸೂರ್ಯಾಸ್ತ ಮತ್ತು ಅಧ್ಯಕ್ಷರು ಮಾತ್ರ ಉಳಿದರು. ಪೊರ್ಬುಗಳು ವಾಷ್ ಬೇಸಿನ್ನಿನ ಪಕ್ಕದಲ್ಲಿ ಮದುಮಗನ ಹಾಗೆ ನಿಂತಿದ್ದರು.

ಆ ಸಂತೋಷ ಊಟದ ಎರಡನೇ ಪಂಕ್ತಿಯವರೆಗೆ ಬಾಳಿತು.

ಜಯಂತ ಎಂಬ ಹುಡುಗ, ಹುಡುಗ ಎಂದರೆ ನಾಲ್ವತ್ತು ದಾಟಿದವನೇ, ಅಲ್ ಮವಾಲೇಹ್ ಮಾರ್ಕೆಟ್ಟಿನಿಂದ ಹೋಟೆಲುಗಳಿಗೆ ತರಕಾರಿ ಮುಟ್ಟಿಸುವ ಪಿಕಪ್ ಓಡಿಸುತ್ತಿದ್ದ. ಅವನ ಹೆಂಡತಿ ಲಲಿತಾ ಮದುವೆಯಾದ ಎಷ್ಟೋ ವರ್ಷಗಳ ಮೇಲೆ ಮೊದಲ ಬಾರಿ ವಿಸಿಟ್ ವೀಸಾದಲ್ಲಿ ಬಂದಿದ್ದಳು. ಅಲ್ ಖುವೈರ್‌ನಲ್ಲಿ ತನಗೊಂದು ಫ್ಲ್ಯಾಟ್ ಇದೆಯೆಂದು ಅವನು ಅವಳಿಗೆ ಹೇಳಿಕೊಂಡು ಬಂದಿದ್ದ. ರಜೆಯಲ್ಲಿ ಊರಿಗೆ ಹೋದ ಗೆಳೆಯನೊಬ್ಬನ ಫ್ಲ್ಯಾಟಿನ ಕೀಲಿ ಪಡೆದು ಅವಳನ್ನು ಅಲ್ಲೇ ಇಳಿಸಿದ್ದ. ಇದು ನಮಗೆಲ್ಲ ಗೊತ್ತಿತ್ತು. ಅವಳೆದುರು ಎಲ್ಲರೂ "ಜಯಂತನ ಫ್ಲ್ಯಾಟ್ ಬಾರೀ ಲಾಯ್ಕ್ ಉಂಟು" ಎಂದು ಒಂದೊಂದು ಮಾತು ಸೇರಿಸಿದ್ದೆವು ಕೂಡ. ಜಯಂತ ನಿಜಕ್ಕೂ ಇದ್ದದ್ದು ಸೀಬ್ ಕಡೆಯ ಒಂದು ಹಳೆಯ ವಿಲ್ಲಾದಲ್ಲಿ, ಮೇಲೊಂದು ಕೆಳಗೊಂದು ಮಂಚ ಜೋಡಿಸಿದ ಕೋಣೆಯಲ್ಲಿ.

ಆ ಕೋಣೆಯ ಒಂದು ಫೋಟೋ ಓಣಿಯ ಕೊನೆಯಲ್ಲಿತ್ತು. ಕೆಳಗಿನ ಮಂಚ, ಅದರ ಸುತ್ತ ಮರೆಗೆಂದು ಕಟ್ಟಿದ ನೀಲಿ ಸೀರೆ, ಮಂಚದಡಿಯಲ್ಲಿ ಬಕೆಟು, ಗೋಡೆಗೆ ಒರಗಿಸಿದ ಪಟ್ಟೆಕೋಲು. ಮನುಷ್ಯರಾರೂ ಇರಲಿಲ್ಲ. ಮುಖ ಹಾಕುವುದಿಲ್ಲವೆಂದು ಪೊರ್ಬುಗಳು ಆ ಕೋಣೆಯವರಿಗೆಲ್ಲ ಮಾತು ಕೊಟ್ಟಿದ್ದರು. ಮಾತು ಉಳಿಸಿಕೊಂಡಿದ್ದರು.

ಲಲಿತಾ ಕೈ ತೊಳೆದು, ಸೆರಗಿಗೆ ಒರಸಿಕೊಳ್ಳುತ್ತ ಆ ಫೋಟೋದ ಮುಂದೆ ನಿಂತಳು. ನಾನು ಎರಡು ಹೆಜ್ಜೆ ಹಿಂದಿದ್ದೆ. ಅವಳು ಕತ್ತು ಮುಂದೆ ಮಾಡಿ ನೋಡಿದಳು.

"ಇದು ನನ್ನ ಸೀರೆ" ಎಂದಳು.

ಜಯಂತ ನಕ್ಕ. "ಹಾಗಿದ್ದ ಸೀರೆ ಊರಿಡೀ ಉಂಟು ಮಾರಾಯ್ತಿ."

"ಸೀರೆ ಊರಿಡೀ ಉಂಟು. ಈ ತೇಪೆ ಊರಿಡೀ ಇಲ್ಲ. ಇಸ್ತ್ರಿಪೆಟ್ಟಿಗೆ ಇಟ್ಟು ಸುಟ್ಟದ್ದು ನಾನು, ಹೊಲಿದದ್ದು ನಾನು. ಹೊದಿಲಿಕ್ಕೆ ಬೇಕು ಅಂತ ನೀವು ತಕೊಂಡು ಬಂದದ್ದು."

ಓಣಿಯಲ್ಲಿದ್ದವರೆಲ್ಲ ಒಮ್ಮೆಲೇ ಕೈತೊಳೆಯುವುದರಲ್ಲಿ ಮಗ್ನರಾದರು. ಜಯಂತನ ಮುಖ ನೋಡುವ ಧೈರ್ಯ ನನಗೂ ಆಗಲಿಲ್ಲ. ಲಲಿತಾ ಅಳಲಿಲ್ಲ, ಕೂಗಲಿಲ್ಲ. "ಅದಕ್ಕೇ ನಿಮ್ಮದೇ ಅಡುಗೆಮನೆಯಲ್ಲಿ ನೀವು ಸಕ್ಕರೆ ಡಬ್ಬಿ ಹುಡುಕುದು" ಎಂದಳು ಮೆಲ್ಲಗೆ. ಮತ್ತೆ ಬಾಗಿಲ ಕಡೆ ನಡೆದಳು. ಜಯಂತ ಅವಳ ಹಿಂದೆ ಓಡುವ ಮುನ್ನ ಪೊರ್ಬುಗಳ ಹತ್ತಿರ ಬಂದು, "ನಿಮಗೆ ಎಂತ ಸಿಕ್ಕಿತು ಪೊರ್ಬುಗಳೇ? ಒಂದು ತಿಂಗಳು. ಒಂದೇ ತಿಂಗಳು ಅವಳಿಗೆ ಗೊತ್ತಾಗದಿದ್ರೆ ಸಾಕಿತ್ತು" ಎಂದ.

ಪೊರ್ಬುಗಳು ಬಾಯಿ ತೆರೆದರು. ಮುಖ ಹಾಕಿಲ್ಲ ಎಂದು ಹೇಳಲು ಹೊರಟಿದ್ದರೋ ಏನೋ. ಅಷ್ಟರಲ್ಲಿ ಅವನು ಬಾಗಿಲು ದಾಟಿದ್ದ. ಎಲ್ಲರೂ ಹೋದ ಮೇಲೆ ಆ ಫೋಟೋವನ್ನು ಮೊಳೆಯಿಂದ ತೆಗೆದು, ಗಾಜಿನ ಮೇಲೆ ಬಿದ್ದಿದ್ದ ನೀರನ್ನು ಅಂಗಿಯ ತುದಿಯಿಂದ ಒರಸಿ, ಕಂಕುಳಲ್ಲಿಟ್ಟುಕೊಂಡು ಹೊರಟರು. ಅಧ್ಯಕ್ಷರು "ನಾನು ಮೊದಲೇ ಹೇಳಿದ್ದೆ" ಎಂದು ಸಮಿತಿಯ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳಿದರು.

ಮರುವಾರ ವೀಸಾ ನವೀಕರಣದ ಫೋಟೋಕ್ಕೆಂದು ನಾನು ಸ್ಟುಡಿಯೋಗೆ ಹೋಗಿದ್ದೆ. ಪೊರ್ಬುಗಳು ನನ್ನ ಗದ್ದ ಎತ್ತುತ್ತಿದ್ದಾಗಲೇ ಹೊರಗೆ ಪಿಕಪ್ ನಿಂತ ಸದ್ದಾಯಿತು. ಜಯಂತ ಸ್ಟಿಯರಿಂಗ್ ಬಿಡದೆ ಎದುರಿನ ಗೋಡೆಯನ್ನೇ ನೋಡುತ್ತ ಕುಳಿತಿದ್ದ. ಲಲಿತಾ ಒಬ್ಬಳೇ ಒಳಗೆ ಬಂದಳು. ಪೊರ್ಬುಗಳು ನನ್ನ ಗದ್ದ ಬಿಟ್ಟು ಗೋಡೆಗೆ ಒತ್ತಿಕೊಂಡು ನಿಂತರು, ಬೈಸಿಕೊಳ್ಳಲು ತಯಾರಾದವರಂತೆ.

"ಆ ಫೋಟೋದ್ದು ನನಗೊಂದು ಕಾಪಿ ಬೇಕು" ಎಂದಳು ಅವಳು.

"ಅದನ್ನು ನಾನು ತೆಗ್ದಿಟ್ಟಿದ್ದೇನೆ ಅಮ್ಮ. ಇನ್ನು ಯಾರಿಗೂ ತೋರಿಸುದಿಲ್ಲ. ತಪ್ಪಾಯ್ತು."

"ತಪ್ಪು ಸರಿ ನನಗೆ ಗೊತ್ತಿಲ್ಲ. ಮನೆಯಲ್ಲಿ ಇವರ ಫೋಟೋ ಬೇಕಾದಷ್ಟು ಉಂಟು. ಕಾರಿನ ಎದುರು, ಮಾಲಿನ ಎದುರು, ಯಾರದ್ದೋ ಸೋಫಾದಲ್ಲಿ. ಅದರಲ್ಲಿ ಯಾವುದೂ ಇವರದ್ದಲ್ಲ. ಇದರಲ್ಲಿ ಇವರು ಇಲ್ಲ, ಆದ್ರೆ ಇದು ಇವರದ್ದು. ನಾನು ತಕೊಂಡು ಹೋಗ್ತೇನೆ."

ಪೊರ್ಬುಗಳು ಪ್ರಿಂಟ್ ಹಾಕಲು ಹೋದರು. ಯಂತ್ರ ಗುರುಗುಡುತ್ತಿರುವಾಗ ಅವಳು ಸ್ಟುಡಿಯೋದ ಸುತ್ತ ಕಣ್ಣು ಹಾಯಿಸಿದಳು. ಬಿಳಿ ಪರದೆಯ ಅಂಚು ಒಂದು ಕಡೆ ಮಡಚಿಕೊಂಡಿತ್ತು. ಅದರ ಹಿಂದೆ ಮಂಚದ ಕಾಲು ಕಾಣುತ್ತಿತ್ತು.

"ನೀವು ಮಲಗುದು ಇಲ್ಲೆಯಾ?"

"ಹೌದು."

"ನಿಮ್ಮ ಹೆಂಡತಿ ಬಂದಿದ್ದಾರಾ ಒಮಾನಿಗೆ?"

"ಇಲ್ಲ."

"ಅವರಿಗೆ ಗೊತ್ತುಂಟಾ?"

ಪೊರ್ಬುಗಳು ಪ್ರಿಂಟನ್ನು ಲಕೋಟೆಗೆ ಹಾಕಿ ಅವಳ ಕೈಗೆ ಕೊಟ್ಟರು. ಅವಳು ಹೋದ ಮೇಲೆ ನನ್ನ ಫೋಟೋ ತೆಗೆದರು. ಮೊದಲನೆಯದರಲ್ಲಿ ನನ್ನ ಹಿಂದೆ ನೆರಳು ಬಿದ್ದಿತ್ತು. ಎರಡನೇ ಸಲ ತೆಗೆಯಬೇಕಾಯಿತು.

ಜಯಂತನದ್ದು ಹೇಳಿ ಮುಗಿಸುತ್ತೇನೆ. ಲಲಿತಾ ವೀಸಾ ಮುಗಿದಾಗ ಊರಿಗೆ ಹೋದಳು. ಹೋಗುವಾಗ, "ಇನ್ನು ನನಗೆ ಪೆಟ್ಟಿಗೆ ಕಳಿಸ್ಬೇಡಿ. ಮೊದಲು ಕಿಟಕಿ ಇರುವ ಒಂದು ರೂಮು ಹಿಡೀರಿ" ಎಂದಳಂತೆ. ಅವನು ಹಿಡಿದ. ಪೊರ್ಬುಗಳ ಜೊತೆ ಒಂದು ವರ್ಷ ಮಾತಾಡಲಿಲ್ಲ. ಆಮೇಲೊಂದು ದಿನ ಸ್ಟುಡಿಯೋದ ಬಾಗಿಲಲ್ಲಿ ಒಂದು ಕ್ರೇಟ್ ಟೊಮೆಟೊ ಇಳಿಸಿ, ಇಳಿಸಿದವನು ತಾನಲ್ಲವೆಂಬಂತೆ ಹೊರಟುಹೋದ. ಅಷ್ಟು ಟೊಮೆಟೊ ಒಬ್ಬರೇ ಏನು ಮಾಡುವುದೆಂದು ತಿಳಿಯದೆ ಪೊರ್ಬುಗಳು ಆ ವಾರ ಪಾಸ್‌ಪೋರ್ಟ್ ಫೋಟೋ ತೆಗೆಸಿದವರಿಗೆಲ್ಲ ಎರಡೆರಡು ಹಂಚಿದರು.

ಪೊರ್ಬುಗಳ ವಿಷಯ ಬೇರೆ. ಲಲಿತಾ ಬಂದುಹೋದ ಮೇಲೆ ಶುಕ್ರವಾರಗಳಂದು ಅವರು ನಮ್ಮ ಕಡೆ ಬರುವುದು ನಿಂತಿತು. ನಾನೇ ಹೋದಾಗ ಚಾಯ್ ತರಿಸಿ ಬಾಯಿಬಿಟ್ಟರು. ಅವರ ಹೆಂಡತಿಯ ಲೆಕ್ಕದಲ್ಲಿ ಅವರು ಸ್ಟುಡಿಯೋದಲ್ಲಿ ಇರಲೇ ಇಲ್ಲ. ಸುವೈಕ್‌ನ ಆ ಚಳಿಗಾಲದಲ್ಲಿ ಡೇರೆಯ ಮುಂದೆ, ಟೋಪಿ ಧರಿಸಿ, ವಿದೇಶಿಯರ ನಡುವೆ ನಿಂತ ಫೋಟೋವನ್ನು ಊರಿಗೆ ಕಳಿಸಿದ್ದರು. ಅಲ್ಲಿಂದಾಚೆಗೆ ಅವರು ಶಿರ್ವದವರ ಪಾಲಿಗೆ ಪುರಾತತ್ವ ಇಲಾಖೆಯ ಆಫೀಸರಾಗಿದ್ದರು. ಪಾದ್ರಿಗಳು ಪ್ರವಚನದಲ್ಲೂ ಒಮ್ಮೆ ಆ ಮಾತು ತಂದಿದ್ದರಂತೆ.

"ಇದ್ದದ್ದು ಇದ್ದ ಹಾಗೆ ಅಂತ ಊರಿಗೆಲ್ಲ ಹೇಳಿದ್ದು ನಾನೇ ಅಲ್ವಾ?" ಎಂದು ಕನ್ನಡಕ ತೆಗೆದು ಒರಸಿದರು. ನಾನು ಚಾಯ್ ಚೆನ್ನಾಗಿದೆ ಎಂದೆ.

ಮುಂದಿನ ಚಳಿಗಾಲಕ್ಕೆ ಅವರು ಹೆಂಡತಿಗೆ ವೀಸಾ ಮಾಡಿಸಿದರು. ಅವರಿಗೆ ಡ್ರೈವಿಂಗ್ ಬಾರದು, ಆದ್ದರಿಂದ ವಿಮಾನ ನಿಲ್ದಾಣಕ್ಕೆ ನನ್ನ ಕಾರು. ನನ್ನ ಫ್ಲ್ಯಾಟಿನಲ್ಲಿ ಒಂದು ಕೋಣೆ ಖಾಲಿ ಮಾಡಿಕೊಡುತ್ತೇನೆಂದು ನಾನು ಹೇಳಿದರೆ ಬೇಡವೆಂದರು. ಸ್ಟುಡಿಯೋದ ಹಿಂದಿನ ಕೋಣೆಯನ್ನು ಸ್ವಲ್ಪ ಚೊಕ್ಕ ಮಾಡೋಣವೆಂದರೆ ಅದಕ್ಕೂ ಒಪ್ಪಲಿಲ್ಲ. "ಹೇಗುಂಟೋ ಹಾಗೇ ನೋಡ್ಲಿ. ಬೈಯುದಾದ್ರೆ ಬೈಲಿ, ಹಿಂದೆ ಹೋಗುದಾದ್ರೆ ಹೋಗ್ಲಿ" ಎಂದರು. ದಾರಿಯುದ್ದಕ್ಕೂ ಹೆದ್ದಾರಿಯ ಕಾರುಗಳನ್ನು ನೋಡುತ್ತ, ತುಟಿಯಲ್ಲೇ ಕೊಂಕಣಿಯಲ್ಲಿ ಏನೋ ಉರು ಹೊಡೆಯುತ್ತಿದ್ದರು. ಪ್ರಾರ್ಥನೆಯೋ ತಪ್ಪೊಪ್ಪಿಗೆಯೋ ನನಗೆ ತಿಳಿಯಲಿಲ್ಲ.

ಪೊರ್ಬುಗಳ ಹೆಂಡತಿ, ಕ್ರಿಶ್ಚಿಯನ್ ಹಿರಿಯ ಹೆಂಗಸರನ್ನು ಕರೆಯುವ ಹಾಗೆ ನಮಗೆ 'ಬಾಯಿ', ದೊಡ್ಡ ಮೈಕಟ್ಟಿನ, ಕಡಿಮೆ ಮಾತಿನ ಹೆಂಗಸು. ಕಾರಿನಲ್ಲಿ ಹಿಂದೆ ಕುಳಿತು ಮಡಿಲಲ್ಲಿ ಹಲಸಿನ ಹಪ್ಪಳದ ಕಟ್ಟನ್ನು ಇಟ್ಟುಕೊಂಡಿದ್ದರು. ಪೊರ್ಬುಗಳು ಮುಂದಿನ ಸೀಟಿನಿಂದ ತಿರುಗಿ ನೋಡದೆ, ಗಾಜಿಗೆ ಹೇಳಿದಂತೆ, ಎಲ್ಲವನ್ನೂ ಹೇಳಿದರು. ಅಲ್ ಖುವೈರ್‌ನ ಗಲ್ಲಿಯಲ್ಲಿ ಕಾರು ನಿಲ್ಲಿಸಿದೆ. ಶಟರ್ ಎತ್ತಿ, ಸ್ಟೂಲು ದಾಟಿ, ಬಿಳಿ ಪರದೆ ಸರಿಸಿ ಪೊರ್ಬುಗಳು ಪಕ್ಕಕ್ಕೆ ನಿಂತರು. ಒಂದು ಮಂಚ, ಗ್ಯಾಸ್ ಒಲೆ, ಹಗ್ಗದ ಮೇಲೆ ಒದ್ದೆ ಬನಿಯನ್ನು, ಮೂಲೆಯಲ್ಲಿ ಹಳೆಯ ಫೋಟೋ ಕಾಗದಗಳ ರಾಶಿ, ಎಲ್ಲದರ ಮೇಲೆ ಧೂಳು. ನಾನು ಪೆಟ್ಟಿಗೆ ಇಳಿಸಿ ಬಾಗಿಲಲ್ಲೇ ನಿಂತೆ.

ಬಾಯಿ ಒಮ್ಮೆ ಕೋಣೆ ನೋಡಿದರು. ಒಮ್ಮೆ ಗಂಡನನ್ನು ನೋಡಿದರು. ಹಪ್ಪಳದ ಕಟ್ಟನ್ನು ನನ್ನ ಕೈಗೆ ಕೊಟ್ಟು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು.

"ಹಿಡಿಸೂಡಿ ಎಲ್ಲುಂಟು?" ಎಂದರು.

ಪೊರ್ಬುಗಳು ಮೂಲೆಯಲ್ಲಿದ್ದ ಪೊರಕೆ ತೋರಿಸಿದರು. ಅರ್ಧ ಗಂಟೆಯೊಳಗೆ ಹಗ್ಗ ಬಿಚ್ಚಿತು, ಕಾಗದದ ರಾಶಿ ಗಲ್ಲಿಯ ಕಸದ ಡಬ್ಬಿಗೆ ಹೋಯಿತು, ಒಲೆಯ ಕೆಳಗಿನ ಜಿಡ್ಡು ಚಾಯ್ ಅಂಗಡಿಯಿಂದ ತಂದ ಬಿಸಿನೀರಿಗೆ ಕರಗಿತು. ಮಂಚದಡಿಯ ಕಸ ತೆಗೆಯಲು ಬಾಯಿ ಬಗ್ಗಿದಾಗ ಬಾಗಿಲಿನಿಂದ ಬಂದ ಬೆಳಕು ಅವರ ಬೆನ್ನಿನ ಮೇಲೂ ಎದ್ದ ಧೂಳಿನ ಮೇಲೂ ಬಿತ್ತು. ಪೊರ್ಬುಗಳ ಕೈ ತಾನಾಗಿ ಕ್ಯಾಮರಾದ ಕಡೆ ಹೋಯಿತು. ಕಣ್ಣಿಗೆ ಹಿಡಿದರು.

ಬಾಯಿ ತಲೆಯೆತ್ತಲಿಲ್ಲ. "ಅದನ್ನು ಅಲ್ಲಿಟ್ಟು ಈ ಮಂಚದ ಆಚೆ ತುದಿ ಹಿಡೀರಿ" ಎಂದರು, ನನಗೂ ತಿಳಿಯಲೆಂದೋ ಏನೋ, ಕನ್ನಡದಲ್ಲಿ.

ಪೊರ್ಬುಗಳು ಕ್ಯಾಮರಾವನ್ನು ಗಿರಾಕಿಗಳ ಸ್ಟೂಲಿನ ಮೇಲಿಟ್ಟು, ಹೋಗಿ, ಆಚೆ ತುದಿ ಹಿಡಿದರು.